ಮೂರನೆಯ ಕೋನ ಮತ್ತು ಕಾರಣ ಹೇಳುವ ಭಾಷೆ

ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿಗೆ ಈ ಪತ್ರಿಕೆಯ ಮೂಲಕ ಉತ್ತರ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. "ಮಾಸ್ಟ್ರೇ, ಸಮಾಜ ವಿಜ್ಞಾನ, ಪಾಠ, ಪದ್ಯ ಎಲ್ಲ ಕನ್ನಡದಲ್ಲೇ ಇರಲಿ. ಆದರೆ ಗಣಿತಕ್ಕೆ ಭಾಷೆ ಯಾವುದಾದರೇನು? ಅಂಕೆಗಳು ಎಲ್ಲಾ ಕಡೆಯೂ ಒಂದೇ ಅಲ್ಲವೇ?" ಹೀಗೆ ಕೇಳುವವರು ಕನ್ನಡದ ವಿರೋಧಿಗಳೇನೂ ಅಲ್ಲ. ಮಗುವಿನ ಭವಿಷ್ಯದ ಚಿಂತೆ ಇರುವ ಒಳ್ಳೆಯ ಹೆತ್ತವರೇ. ಆದರೆ ಈ ಮಾತನ್ನು ನಂಬಿಯೇ ಅನೇಕರು ಮಗುವನ್ನು ಇಂಗ್ಲಿಷ್ ವಿಭಾಗಕ್ಕೆ ಬದಲಾಯಿಸುತ್ತಾರೆ. ಇದನ್ನೇ ನಂಬಿ, ಕನ್ನಡ ವಿಭಾಗಕ್ಕೆ ಕನ್ನಡ ಬಾರದ ಗಣಿತ ಅಧ್ಯಾಪಕರು ಬಂದಾಗಲೂ "ಹೇಗೋ ನಡೆಯುತ್ತದೆ" ಎಂದು ಸುಮ್ಮನಿರುತ್ತಾರೆ. ಆದುದರಿಂದ ಈ ಮಾತು ನಿಜವೇ ಎಂದು ಪರೀಕ್ಷಿಸಿ ನೋಡುವುದು ಒಳ್ಳೆಯದು. ಪರೀಕ್ಷೆಗೆ ದೊಡ್ಡ ವಿಷಯವೇನೂ ಬೇಡ. ನಿಮ್ಮ ಮಗು ಸಂಜೆ ಬರೆಯುವ ಒಂದು ಸಣ್ಣ ಮನೆಗೆಲಸ ಸಾಕು: ತ್ರಿಭುಜದ ಎರಡು ಕೋನ ಕೊಟ್ಟು ಮೂರನೆಯದನ್ನು ಕಂಡುಹಿಡಿಯುವ ಲೆಕ್ಕ.

ಒಂದು ಕೋನ 65 ಡಿಗ್ರಿ, ಇನ್ನೊಂದು 48 ಡಿಗ್ರಿ. ಮೂರನೆಯದು ಎಷ್ಟು? ಮೂರೂ ಸೇರಿ 180 ಎಂದು ಮಗುವಿಗೆ ಬಾಯಿಪಾಠವಿದೆ. ಕೂಡಿಸಿದರೆ 113, ಕಳೆದರೆ 67. ಇಷ್ಟೇ ಆದರೆ ಹೆತ್ತವರ ಮಾತೇ ಸರಿ. ಇದಕ್ಕೆ ಕನ್ನಡವೂ ಬೇಡ, ಇಂಗ್ಲಿಷೂ ಬೇಡ, ಅಂಗಡಿಯ ಕ್ಯಾಲ್ಕುಲೇಟರ್ ಸಾಕು. ಈಗಂತೂ ಫೋನಿಗೆ ಪುಸ್ತಕದ ಪುಟ ತೋರಿಸಿದರೆ ಉತ್ತರ ತಾನಾಗಿ ಬರುತ್ತದೆ.

ಆದರೆ ಈ ಪಾಠವನ್ನು ಪುಸ್ತಕದಲ್ಲಿ ಇಟ್ಟಿರುವುದು ಕಳೆಯುವ ಲೆಕ್ಕ ಕಲಿಸುವುದಕ್ಕಲ್ಲ. ಅದನ್ನು ಮೂರನೇ ತರಗತಿಯಲ್ಲೇ ಕಲಿತಾಗಿದೆ. ಒಂದು ವಿಷಯ ಗೊತ್ತಿದ್ದರೆ ಅದರಿಂದ ಇನ್ನೊಂದು ವಿಷಯ ಹೇಗೆ ಸಿದ್ಧವಾಗುತ್ತದೆ, ಅದನ್ನು ಇನ್ನೊಬ್ಬರಿಗೆ ಒಪ್ಪಿಗೆಯಾಗುವಂತೆ ಹೇಗೆ ಹೇಳುವುದು ಎಂಬುದನ್ನು ಮಗು ಮೊದಲ ಬಾರಿಗೆ ಕ್ರಮವಾಗಿ ಕಲಿಯುವುದು ಇಲ್ಲಿ. "ಆದುದರಿಂದ", "ಏಕೆಂದರೆ", "ಹಾಗಿದ್ದರೆ" ಎಂಬ ಮಾತುಗಳು ಗಣಿತಕ್ಕೆ ಕಾಲಿಡುವುದೂ ಇಲ್ಲೇ. ಇವು ಅಂಕೆಗಳಲ್ಲ, ಭಾಷೆ.

ಮಕ್ಕಳ ಪುಸ್ತಕ ತೆರೆದು ನೋಡಿ. ನನಗೆ ವರ್ಷವೂ ಸಿಗುವ ಒಂದು ಸಾಲು ಹೀಗಿರುತ್ತದೆ: 65 + 48 = 113 – 180 = 67. ಉತ್ತರ ಸರಿಯಾಗಿದೆ, ಬರೆದದ್ದು ಎರಡು ಕಡೆ ಸುಳ್ಳು. 65ಕ್ಕೆ 48 ಕೂಡಿಸಿದರೆ 113 ಹೌದು. ಆದರೆ ಅದು "113ರಿಂದ 180 ಕಳೆದದ್ದಕ್ಕೆ" ಸಮವಲ್ಲ, ಆ ಕಳೆದದ್ದು 67ಕ್ಕೂ ಸಮವಲ್ಲ. ಸಮಚಿಹ್ನೆ ಎಂದರೆ ಒಂದು ವಾಕ್ಯದ ಕ್ರಿಯಾಪದ. ಅದನ್ನು "ಆಮೇಲೆ" ಎಂಬ ಅರ್ಥದಲ್ಲಿ ಬಳಸುವ ಮಗುವಿಗೆ ಲೆಕ್ಕ ಬರುತ್ತದೆ, ವಾಕ್ಯ ಬರುವುದಿಲ್ಲ. "ಈ ಸಾಲನ್ನು ಗಟ್ಟಿಯಾಗಿ ಓದು" ಎಂದರೆ ಅರ್ಧದಲ್ಲಿ ತಾನೇ ನಿಲ್ಲಿಸಿ ನಗುತ್ತದೆ. ತನ್ನ ಭಾಷೆಯಲ್ಲಿ ಓದಿದ್ದರಿಂದ ತಪ್ಪು ಅದರ ಕಿವಿಗೇ ಬಿತ್ತು.

ಇನ್ನು, 180 ಎಂಬುದು ಎಲ್ಲಿಂದ ಬಂತು? ಕಾಗದದಲ್ಲಿ ಒಂದು ತ್ರಿಭುಜ ಕತ್ತರಿಸಿ, ಮೂರು ಮೂಲೆಗಳನ್ನು ಹರಿದು ಪಕ್ಕ ಪಕ್ಕ ಜೋಡಿಸಿದರೆ ನೇರ ಗೆರೆಯಾಗುತ್ತದೆ ಎಂದು ಹೆಚ್ಚಿನ ಮಕ್ಕಳು ತರಗತಿಯಲ್ಲಿ ಮಾಡಿ ನೋಡಿರುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಅದು ಕಣ್ಣಿಗೆ ಕಂಡದ್ದು ಮಾತ್ರ. ಕೋನಮಾಪಕ ಇಟ್ಟು ಅಳೆದರೆ ಒಬ್ಬನಿಗೆ 179 ಬರುತ್ತದೆ, ಇನ್ನೊಬ್ಬಳಿಗೆ 181 ಬರುತ್ತದೆ. ಎಲ್ಲಾ ತ್ರಿಭುಜಗಳಿಗೂ, ನಾವು ಎಂದೂ ಬರೆಯದ ತ್ರಿಭುಜಗಳಿಗೂ 180 ಎಂದು ಹೇಳಲು ಕಾರಣ ಬೇಕು. ಆ ಕಾರಣ ಹೆತ್ತವರಿಗೂ ಅರ್ಥವಾಗುವಷ್ಟು ಸರಳ. ತ್ರಿಭುಜದ ಮೇಲಿನ ತುದಿಯ ಮೂಲಕ, ಬುಡದ ಗೆರೆಗೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ. ಬುಡದ ಎಡಗಡೆಯ ಕೋನ ಎಷ್ಟಿದೆಯೋ ಅಷ್ಟೇ ಅಳತೆಯ ಕೋನ ಮೇಲೆ ತುದಿಯ ಎಡಗಡೆಯಲ್ಲಿ ಕಾಣುತ್ತದೆ, ಬಲಗಡೆಯದು ಬಲಗಡೆಯಲ್ಲಿ. ಇವೇ ಪರ್ಯಾಯ ಕೋನಗಳು. ನಡುವೆ ತುದಿಯ ಕೋನ ಇದ್ದೇ ಇದೆ. ಮೂರೂ ಒಂದೇ ಗೆರೆಯ ಮೇಲೆ ಒತ್ತಾಗಿ ಕುಳಿತವು. ನೇರ ಗೆರೆಯ ಮೇಲೆ ಕುಳಿತ ಕೋನಗಳ ಮೊತ್ತ 180. ಮುಗಿಯಿತು. ಸುಮಾರು 2300 ವರ್ಷಗಳ ಹಿಂದೆ ಯೂಕ್ಲಿಡ್ ತನ್ನ ಗ್ರಂಥದ ಮೊದಲ ಭಾಗದ 32ನೇ ಪ್ರಮೇಯದಲ್ಲಿ ಹೇಳಿದ್ದೂ ಇದನ್ನೇ. ಆದರೆ ಅವನು 180 ಎನ್ನಲಿಲ್ಲ, ಎರಡು ಲಂಬಕೋನಗಳಿಗೆ ಸಮ ಎಂದ. ಅವನೂ ಒಂದು ಸಮಾಂತರ ಗೆರೆ ಎಳೆದೇ ಸಾಧಿಸಿದ. ಗ್ರೀಕರಿಗೆ ಅದು ಗ್ರೀಕ್ ಭಾಷೆಯಲ್ಲಿ ಹೊಳೆಯಿತು. ನಮ್ಮ ಮಗುವಿಗೆ ಯಾವ ಭಾಷೆಯಲ್ಲಿ ಹೊಳೆಯಬೇಕು?

ಗಣಿತಕ್ಕೆ ಕನ್ನಡ ಸಾಲದು ಎನ್ನುವವರಿಗೆ ಒಂದು ಮಾತು. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯನೆಂಬ ಕವಿ ಕನ್ನಡದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತ ಎಂಬ ಗ್ರಂಥಗಳನ್ನು ಬರೆದಿದ್ದಾನೆ.

ಈಗ ಪದಗಳ ವಿಚಾರಕ್ಕೆ ಬರೋಣ, ನಮ್ಮ ಕಾಸರಗೋಡಿನ ಮಕ್ಕಳಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲಿ. ಕನ್ನಡದಲ್ಲಿ ಕೋನ, ಮಲಯಾಳದಲ್ಲಿ ಕೋಣ್. ಕನ್ನಡದಲ್ಲಿ ತ್ರಿಕೋನ, ಮಲಯಾಳದಲ್ಲಿ ತ್ರಿಕೋಣಂ. ಕನ್ನಡ ಬಾರದ ಅಧ್ಯಾಪಕರು ಕಷ್ಟಪಟ್ಟು ಕನ್ನಡದಲ್ಲೇ ಹೇಳಲು ಹೊರಟು "ಮೂರು ಕೋಣ ಸೇರಿಸಿ" ಎಂದರೆ ಮಕ್ಕಳ ಕಣ್ಣ ಮುಂದೆ ಕಂಬಳದ ಗದ್ದೆ ಬರುತ್ತದೆ! ಇಡೀ ತರಗತಿ ನಗುತ್ತದೆ, ಪಾಪ, ಅವರಿಗೆ ಏಕೆ ನಗುತ್ತಾರೆಂದು ತಿಳಿಯುವುದಿಲ್ಲ. ಇದು ತಮಾಷೆಯ ಮಾತಾಯಿತು. ಇನ್ನೊಂದು ತಮಾಷೆಯಲ್ಲ. ನಮ್ಮ ಲಂಬಕೋನ ತ್ರಿಭುಜಕ್ಕೆ ಮಲಯಾಳದಲ್ಲಿ ಮಟ್ಟತ್ರಿಕೋಣಂ ಎನ್ನುತ್ತಾರೆ. ಕನ್ನಡದ ಮಗುವಿಗೆ ಮಟ್ಟ ಎಂದರೆ ಸಮತಟ್ಟು. ಅಧ್ಯಾಪಕರು ನೆಟ್ಟಗೆ ನಿಂತ ಗೆರೆಯ ಬಗ್ಗೆ ಹೇಳುತ್ತಿದ್ದಾರೆ, ಮಗು ಅಡ್ಡ ಮಲಗಿದ ಗೆರೆಯನ್ನು ನೋಡುತ್ತಿದೆ. ಸಮದ್ವಿಬಾಹು ತ್ರಿಭುಜಕ್ಕೆ ಅಲ್ಲಿ ಸಮಪಾರ್ಶ್ವ ತ್ರಿಕೋಣಂ. ಪಾರ್ಶ್ವ ಎಂಬ ಪದ ಪುಸ್ತಕದಲ್ಲಿ ಎಲ್ಲೂ ಇಲ್ಲದಿದ್ದರೆ ಮಗು ಹುಡುಕುವುದಾದರೂ ಎಲ್ಲಿ?

ಮಲಯಾಳದ ಮೇಲೆ ನಮಗೆ ಮುನಿಸಿಲ್ಲ. ನಿಜ ಹೇಳುವುದಾದರೆ ಕೆಲವು ಪದಗಳು ಅಲ್ಲಿಯೇ ಸೊಗಸು. ಮಟ್ಟ ಎಂಬುದು ಆಚಾರಿಯ ಕೈಯಲ್ಲಿರುವ ಮೂಲೆಮಟ್ಟವನ್ನು ನೆನಪಿಸುತ್ತದೆ. ನಮ್ಮವರು "ಶೃಂಗಾಭಿಮುಖ ಕೋನ" ಎಂಬಂಥ ಪದ ಕಟ್ಟಿ ಮಕ್ಕಳ ಬಾಯಲ್ಲಿ ಕಲ್ಲು ಇಟ್ಟಿದ್ದಾರೆ. ಆದರೆ ಯಾವ ಪದ ಚೆಂದ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಪುಸ್ತಕದ ಪದ, ಅಧ್ಯಾಪಕರ ಬಾಯಿಯ ಪದ, ಪರೀಕ್ಷೆಯ ಪ್ರಶ್ನೆಪತ್ರಿಕೆಯ ಪದ ಮೂರೂ ಒಂದೇ ಆಗಿರಬೇಕು. ಅಕ್ಕಲಕೋಟೆ, ಜತ್ತದ ಹೆತ್ತವರಿಗೆ ಈ ತೊಡಕು ಗೊತ್ತಿರುವುದೇ: ಅಲ್ಲಿ ಲಂಬಕೋನಕ್ಕೆ ಮರಾಠಿಯಲ್ಲಿ ಕಾಟಕೋನ. ತಾಳವಾಡಿ, ಹೊಸೂರಿನಲ್ಲಿ ತಮಿಳಿನ ಸೆಂಗೋಣ ಮುಕ್ಕೋಣಂ. ಆದೋನಿ, ರಾಯದುರ್ಗದವರಿಗೆ ಸ್ವಲ್ಪ ಸುಲಭ; ತೆಲುಗಿನಲ್ಲೂ ಲಂಬಕೋಣ, ಸಮದ್ವಿಬಾಹು ಎಂದೇ ಹೇಳುತ್ತಾರೆ. ಆದರೂ ಪದ ಒಂದೇ ಆದರೆ ವಿವರಣೆ ಒಂದೇ ಆಗುವುದಿಲ್ಲವಲ್ಲ.

ಸಮದ್ವಿಬಾಹುವನ್ನೇ ತೆಗೆದುಕೊಳ್ಳಿ. ಪದದಲ್ಲೇ ಅರ್ಥವಿದೆ: ಎರಡು ಬಾಹುಗಳು ಸಮ. ಬಾಹುಗಳು ಸಮವಾದರೆ ಅವುಗಳ ಎದುರಿನ ಕೋನಗಳೂ ಸಮ. ಈಗ ಲೆಕ್ಕ ಹೀಗಿರಲಿ: ಸಮದ್ವಿಬಾಹು ತ್ರಿಭುಜದ ಒಂದು ಕೋನ 40 ಡಿಗ್ರಿ, ಉಳಿದವು ಎಷ್ಟು? ಹೆಚ್ಚಿನ ಮಕ್ಕಳು 180ರಿಂದ 40 ಕಳೆದು, 140ನ್ನು ಭಾಗ ಮಾಡಿ 70, 70 ಎಂದು ಬರೆದು ಪುಸ್ತಕ ಮುಚ್ಚುತ್ತಾರೆ. ತಪ್ಪಲ್ಲ, ಆದರೆ ಅರ್ಧ ಉತ್ತರ. "ಒಂದು ಕೋನ" ಎಂದರೆ ಯಾವ ಕೋನ? ಸಮವಾದ ಎರಡರಲ್ಲಿ ಒಂದು 40 ಎಂದಾದರೆ ಇನ್ನೊಂದೂ 40, ಮೂರನೆಯದು 100. ಎರಡು ಉತ್ತರಗಳಿವೆ. ಹಾಗಿದ್ದರೆ ಕೊಟ್ಟ ಕೋನ 100 ಎಂದಾದರೆ? ಆಗ ಒಂದೇ ಉತ್ತರ: 40, 40. ಏಕೆಂದರೆ ಎರಡು 100 ಸೇರಿದರೆ ಆಗಲೇ 200 ಆಯಿತು, ತ್ರಿಭುಜವೇ ಆಗದು. ಇಲ್ಲಿ ಮಗುವನ್ನು ಕಾಪಾಡುವುದು ಅಂಕೆಯಲ್ಲ. "ಒಂದು" ಎಂಬ ಪದವನ್ನು ಎಚ್ಚರದಿಂದ ಓದುವ ಅಭ್ಯಾಸ. ತನಗೆ ಪೂರ್ತಿ ದಕ್ಕದ ಭಾಷೆಯಲ್ಲಿ ಓದುವ ಮಗು ಈ ಎಚ್ಚರಕ್ಕೆ ತಲುಪುವ ಮೊದಲೇ ದಣಿದಿರುತ್ತದೆ. ಅದು ಮಾಡುವುದೇನು? ವಾಕ್ಯ ಬಿಟ್ಟು ಅಂಕೆಗಳನ್ನು ಮಾತ್ರ ಹೆಕ್ಕಿಕೊಂಡು, ತಿಳಿದಂತೆ ಕೂಡಿಸಿ ಕಳೆಯುತ್ತದೆ. ನಾವು ಅದನ್ನು "ಗಣಿತದಲ್ಲಿ ಹಿಂದೆ" ಎಂದು ಹಣೆಪಟ್ಟಿ ಹಚ್ಚುತ್ತೇವೆ.

ಸಂವಿಧಾನದ 350ಎ ವಿಧಿಯ ಬಗ್ಗೆ ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1956ರ ಏಳನೇ ತಿದ್ದುಪಡಿಯಲ್ಲಿ ಸೇರಿದ ಈ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. "ಪ್ರಾಥಮಿಕ ಹಂತ" ಎಂಬ ಎರಡು ಪದಗಳನ್ನು ಗಮನಿಸಿ. ಕಾರಣ ಕೊಟ್ಟು ಸಾಧಿಸುವ ಗಣಿತ ಬಲವಾಗಿ ಶುರುವಾಗುವುದೇ ಆ ಹಂತ ಮುಗಿಯುವ ಹೊತ್ತಿಗೆ. ಅಂದರೆ ಭಾಷೆಯ ಆಸರೆ ಅತಿ ಹೆಚ್ಚು ಬೇಕಾದ ಕಡೆಯಲ್ಲಿ ವಿಧಿಯ ಕೈ ಸಡಿಲವಾಗುತ್ತದೆ. ಆಮೇಲೆ ಉಳಿಯುವುದು ಹೆತ್ತವರ ಎಚ್ಚರ ಮಾತ್ರ. "ಸೌಕರ್ಯ" ಎಂಬುದನ್ನೂ ಕಟ್ಟಡ, ಪುಸ್ತಕ ಎಂದಷ್ಟೇ ಓದಿದರೆ ಸಾಲದು. ಕನ್ನಡದಲ್ಲಿ "ಏಕೆ?" ಎಂದು ಕೇಳಿದ ಮಗುವಿಗೆ ಕನ್ನಡದಲ್ಲಿ ಉತ್ತರಿಸಬಲ್ಲ ಅಧ್ಯಾಪಕರಿಗಿಂತ ದೊಡ್ಡ ಸೌಕರ್ಯ ಯಾವುದಿದೆ? ನಮ್ಮ ಜಿಲ್ಲೆಯಲ್ಲಿ ಕನ್ನಡ ಬಾರದವರ ನೇಮಕವಾದಾಗಲೆಲ್ಲ ಮಕ್ಕಳೂ ಹೆತ್ತವರೂ ಶಾಲೆಯ ಎದುರು ಕುಳಿತು ಪ್ರತಿಭಟಿಸಿದ್ದು ಹಲವು ಬಾರಿ ನಡೆದಿದೆ. ಅದನ್ನು ಭಾಷಾಭಿಮಾನದ ಗಲಾಟೆ ಎಂದು ತಳ್ಳಿಹಾಕುವವರು ಸಮಪಾರ್ಶ್ವದ ಮುಂದೆ ಬಾಯಿ ಬಿಟ್ಟು ಕುಳಿತ ಮಗುವನ್ನು ಒಮ್ಮೆ ನೋಡಬೇಕು.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದೇನು? "ನಾವು ಕಲಿತದ್ದು ಐದನೇ ತರಗತಿ, ನಮಗೆ ಈ ಲೆಕ್ಕ ಬಾರದು" ಎನ್ನುವ ತಾಯಂದಿರೇ ನಮ್ಮಲ್ಲಿ ಹೆಚ್ಚು. ಲೆಕ್ಕ ಬರಬೇಕಾಗಿಲ್ಲ. ಬೀಡಿ ಕಟ್ಟುತ್ತಾ ಕುಳಿತಲ್ಲಿಂದಲೇ ಒಂದು ಪ್ರಶ್ನೆ ಕೇಳಿದರೆ ಸಾಕು: "ಹೇಗೆ ಗೊತ್ತಾಯಿತು?" ಮನೆಮಾತು ತುಳುವಾದರೆ "ಎಂಚ ಗೊತ್ತಾಂಡ್?" ಎನ್ನಿ, ಹವ್ಯಕವಾದರೆ "ಹೇಂಗೆ ಗೊಂತಾತು?" ಎನ್ನಿ. ಮಗು "67" ಎಂದಷ್ಟೇ ಹೇಳಿದರೆ ಒಪ್ಪಬೇಡಿ. "ಮೂರು ಕೋನ ಸೇರಿದರೆ 180, ಎರಡು ಸೇರಿ 113 ಆಯಿತು, ಆದುದರಿಂದ ಉಳಿದದ್ದು 67" ಎಂದು ಪೂರ್ತಿ ವಾಕ್ಯ ಬರುವವರೆಗೆ ಕಾಯಿರಿ. ಆ ವಾಕ್ಯ ಪುಸ್ತಕದಲ್ಲೂ ಬರಲಿ. ಪರೀಕ್ಷೆಯಲ್ಲಿ ಕೊನೆಯ ಉತ್ತರಕ್ಕೆ ಮಾತ್ರವಲ್ಲ, ನಡುವಿನ ಹಂತಗಳಿಗೂ ಅಂಕವಿದೆ.

ಮನೆಯ ಸುತ್ತ ತ್ರಿಭುಜಗಳಿಗೆ ಬರವಿಲ್ಲ. ಹಂಚಿನ ಮಾಡನ್ನು ತೋರಿಸಿ. ಎರಡೂ ಕಡೆಯ ಪಕ್ಕಾಸು ಸಮ ಉದ್ದ, ಗೋಡೆಯ ಮಟ್ಟದಲ್ಲಿ ಇಳಿಜಾರು 30 ಡಿಗ್ರಿ ಇದ್ದರೆ ಮೇಲೆ ಎರಡೂ ಸೇರುವಲ್ಲಿ ಎಷ್ಟು? 120. ಇಳಿಜಾರು 35 ಮಾಡಿದರೆ ಅದು 110ಕ್ಕೆ ಇಳಿಯುತ್ತದೆ. ಬುಡ ಏರಿದಷ್ಟೂ ತುದಿ ಚೂಪಾಗುತ್ತದೆ, ಅದೂ ಎರಡು ಪಾಲು. ಆಚಾರಿಗೆ ಇದು ಕೈಯಲ್ಲೇ ಗೊತ್ತು. ತೆಂಗಿನ ಮರಕ್ಕೆ ಒರಗಿಸಿದ ಏಣಿ ನೆಲದೊಂದಿಗೆ 70 ಡಿಗ್ರಿ ಮಾಡಿದರೆ, ಮರ ನೆಟ್ಟಗಿದ್ದರೆ, ಮೇಲೆ ಮರಕ್ಕೂ ಏಣಿಗೂ ನಡುವೆ 20. ಮರ ಓರೆಯಾಗಿದ್ದರೆ ಈ ಲೆಕ್ಕ ನಡೆಯದು ಎಂದು ಮಗು ತಾನಾಗಿ ಹೇಳಿತೆಂದರೆ ಆ ದಿನದ ಮನೆಗೆಲಸ ಸಾರ್ಥಕ.

ಮುಂದಿನ ರಕ್ಷಕ-ಶಿಕ್ಷಕ ಸಭೆಗೆ ಬರುವಾಗ ಮಗುವಿನ ಗಣಿತ ಪುಸ್ತಕವನ್ನೂ ತನ್ನಿ. ಅದರಲ್ಲಿ ಉತ್ತರಗಳ ಪಕ್ಕ ಕಾರಣದ ವಾಕ್ಯಗಳಿವೆಯೇ, ಇದ್ದರೆ ಅವು ಪಠ್ಯಪುಸ್ತಕದ ಕನ್ನಡದಲ್ಲಿವೆಯೇ ಅಥವಾ ಅರ್ಧ ಅದು, ಅರ್ಧ ಇದು ಆಗಿವೆಯೇ ಎಂದು ನೋಡಿ. ತಿಂಗಳುಗಟ್ಟಲೆ ಒಂದೂ ವಾಕ್ಯವಿಲ್ಲದ ಪುಸ್ತಕ ಕಂಡರೆ ಸಭೆಯಲ್ಲಿ ಎತ್ತಿ ತೋರಿಸಿ, ನಡಾವಳಿಯಲ್ಲಿ ಬರೆಸಿ, ಅದರ ಒಂದು ಪ್ರತಿ ಇಟ್ಟುಕೊಳ್ಳಿ. ಕನ್ನಡ ಬಲ್ಲ ಗಣಿತ ಅಧ್ಯಾಪಕರು ಬೇಕೆಂದು ಇಲಾಖೆಗೆ ಮನವಿ ಬರೆಯುವಾಗ ಅಂಥ ಹತ್ತು ಪುಟಗಳನ್ನು ಜೊತೆಗಿಟ್ಟು ಕಳುಹಿಸಬಹುದು.