ರಸಾಯನಶಾಸ್ತ್ರ ಯಾರ ಸೊತ್ತು?

ತಿಕೋಟಾ, ಬಬಲೇಶ್ವರದ ತೋಟಗಳಲ್ಲಿ ರಸಾಯನವಿಲ್ಲದೆ ದ್ರಾಕ್ಷಿ ಮಾಗುವುದಿಲ್ಲ. ಮೈಲುತುತ್ತ-ಸುಣ್ಣ ಕಲಸುವವನು, ಚಾಟನಿಯ ನಂತರ ಕಡ್ಡಿಗೆ ಹೈಡ್ರೋಜನ್ ಸೈನಮೈಡ್ ಹಚ್ಚುವವಳು, ಮಣೂಕಕ್ಕೆಂದು ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟಿನ ನೀರಿನಲ್ಲಿ ಅದ್ದುವವಳು, ಗಂಧಕದ ಹೊಗೆ ನುಂಗುವವನು: ಇವರೆಲ್ಲ ದಿನಗೂಲಿಯ ರಸಾಯನಜ್ಞರು! ಇವರ ಮಗಳು, ಗಿರಣಿ ಕಾಮಗಾರನ ಮಗ, ಸಾಲ ಮಾಡದೆ ಎಂ.ಎಸ್ಸಿ. ಓದಬಲ್ಲರೇ?

1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ದೂರದ ಧಾರವಾಡದಲ್ಲಿ ನೆಲೆಸಿತು. 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ವಿಜಯಪುರಕ್ಕೇ ಬಂತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಸಂತೋಷ. ಆದರೆ ಬೋರ್ಡು ಹತ್ತಿರ ಬಂದ ಮಾತ್ರಕ್ಕೆ ವಿದ್ಯೆ ಹತ್ತಿರ ಬಂತೇ? ಸರಕಾರಿ ಪದವಿ ಕಾಲೇಜುಗಳನ್ನು ಹೊತ್ತು ನಿಂತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಖಾಯಂ ಮಾಡಿರೆಂದು 2023ರ ಕೊನೆಗೆ ಅವರು ಬೀದಿಗಿಳಿಯಬೇಕಾಯಿತು. ಕಲಿಸುವವನ ಹೊಟ್ಟೆಗೇ ಭದ್ರತೆಯಿಲ್ಲದಾಗ ಕಲಿಯುವವನ ಗತಿಯೇನು?

ಸಣ್ಣ ವ್ಯಾಪಾರಿಗಳೇ, ಇದು ನಿಮ್ಮ ಪ್ರಶ್ನೆಯೂ ಹೌದು. ಮಣೂಕದಲ್ಲಿ ಔಷಧಿಯ ಅಂಶ ಉಳಿದಿದೆಯೆಂದು ದೊಡ್ಡ ಖರೀದಿದಾರ ದರ ಮುರಿದರೆ, ಯಾವ ಪರೀಕ್ಷೆಯ ಕಾಗದ ಹಿಡಿದು ವಾದಿಸುವಿರಿ?

ಖಾಯಂ ಅಧ್ಯಾಪಕರು ಬೇಕು. ಬಡವರಿಗೆ ಶುಲ್ಕವಿಲ್ಲದ ಸ್ನಾತಕೋತ್ತರ ಸೀಟು ಬೇಕು. ಎರಡೂ ತಾಲೂಕುಗಳಲ್ಲಿ ಸರಕಾರಿ ಪರೀಕ್ಷಾಲಯ, ಅಲ್ಲಿ ನಮ್ಮ ಪದವೀಧರರಿಗೆ ಕೆಲಸ ಬೇಕು. ವಿಷ ಉಣ್ಣುವ ಪಾಲು ದುಡಿಯುವವನಿಗೆ, ವಿದ್ಯೆಯ ಪಾಲು ಉಳ್ಳವನಿಗೆ ಎಂಬ ಹಂಚಿಕೆಯನ್ನು ನಾವು ಒಪ್ಪುವುದಿಲ್ಲ.