ಚೇಂಬರ್ ತಗೊಳ್ಳೋ ಮುಂಚೆ: ಸೌಂಡ್ ಕೇಳ್ಬೇಡಿ, ತಗಡು ನೋಡಿ

1/5
ಕ್ಲಾಸಲ್ಲಿ ಯಾರಾದ್ರೂ ಆರ್‌ಎಕ್ಸ್ 100 ಅಥವಾ 135 ತಗೊಂಡ್ರೆ ಒಂದೇ ವಾರದಲ್ಲಿ ಬರೋ ಪ್ರಶ್ನೆ: "ಗುರು, ಯಾವ ಚೇಂಬರ್ ಹಾಕ್ಸಿದ್ರೆ ಸೌಂಡ್ ಸಖತ್ತಾಗಿರತ್ತೆ?"

ನನ್ನ ಪ್ರಕಾರ ಪ್ರಶ್ನೆನೇ ತಪ್ಪು. ಮಣ್ಣಲ್ಲಿ, ಕಲ್ಲಲ್ಲಿ ಓಡಿಸೋಕೆ ಗಾಡಿ ರೆಡಿ ಮಾಡ್ತಿದ್ದೀರಾ ಅಂದ್ರೆ ಕೇಳ್ಬೇಕಾದ್ದು ಇದು: "ಯಾವ ಪೈಪು ಎರಡು ಮಳೆಗಾಲ ತಡ್ಕೊಂಡು, ಹತ್ತು ಸಲ ಬಿದ್ರೂ ಕೆಲಸ ಮಾಡತ್ತೆ?"

ನನ್ನ ಲೆಕ್ಕ ಸಿಂಪಲ್. ಮೊದಲು ಬಾಳಿಕೆ. ಆಮೇಲೆ ನಿಮಗೆ ಬೇಕಾದ ಆರ್‌ಪಿಎಂನಲ್ಲಿ ಎಳೆತ. ಸೌಂಡ್ ಲಿಸ್ಟಲ್ಲೇ ಇಲ್ಲ. ಪಾಕೆಟ್ ಮನಿ ಕೂಡಿಟ್ಟು ತಗೊಳ್ಳೋರು ನಾವು. ವರ್ಷಕ್ಕೊಂದು ಪೈಪು ಬದಲಾಯಿಸೋ ಶಕ್ತಿ ನಮಗಿಲ್ಲ.

2/5
ಮೊದಲು ಈ ಡೊಳ್ಳು ಹೊಟ್ಟೆ ಪೈಪು ಏನ್ಮಾಡತ್ತೆ ಅಂತ ಗೊತ್ತಿರ್ಲಿ.

ಟೂ-ಸ್ಟ್ರೋಕ್ ಸಿಲಿಂಡರಲ್ಲಿ ವಾಲ್ವ್ ಇಲ್ಲ, ಗೋಡೇಲಿ ಪೋರ್ಟ್ ಅಷ್ಟೇ. ಹೊಗೆ ಹೋಗೋ ಪೋರ್ಟ್ ಇನ್ನೂ ತೆರೆದಿರುವಾಗ್ಲೇ ಹೊಸ ಪೆಟ್ರೋಲ್-ಗಾಳಿ ಒಳಗೆ ಬರ್ತಿರತ್ತೆ. ಅದ್ರಲ್ಲಿ ಒಂದಿಷ್ಟು ಸುಡದೇ ಪೈಪಿಗೆ ಜಾರಿಬಿಡತ್ತೆ. ಪೋರ್ಟಿಂದ ಹೊರಟ ಒತ್ತಡದ ಅಲೆ ಅಗಲವಾಗ್ತಾ ಹೋಗೋ ಕೋನಿಗೆ ಬಂದಾಗ ಹಿಂದಕ್ಕೆ ಒಂದು ಸೆಳೆತ ಹೋಗತ್ತೆ, ಸಿಲಿಂಡರ್ ಖಾಲಿಯಾಗತ್ತೆ. ಅದೇ ಅಲೆ ಕಿರಿದಾಗೋ ಕೋನಿಗೆ ಬಡಿದು ವಾಪಸ್ ಬಂದು, ಜಾರಿ ಹೋದ ಪೆಟ್ರೋಲನ್ನ ಮತ್ತೆ ಒಳಗೆ ತಳ್ಳತ್ತೆ. ಆರ್‌ಎಕ್ಸ್ 100 ತನ್ನ 11 ಪಿಎಸ್ ಕೊಡೋದು 7,500 ಆರ್‌ಪಿಎಂನಲ್ಲಿ. ಅಂದ್ರೆ ಈ ಆಟ ಸೆಕೆಂಡಿಗೆ 125 ಸಲ.

ಇದನ್ನ ಪಳಗಿಸಿದವರಲ್ಲಿ ದೊಡ್ಡ ಹೆಸರು ವಾಲ್ಟರ್ ಕಾಡೆನ್, ಆಗಿನ ಪೂರ್ವ ಜರ್ಮನಿಯ ಎಂಝಡ್ ಕಂಪನಿ ಎಂಜಿನಿಯರ್. 1961ರಲ್ಲಿ ಅವರ ರೇಸರ್ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿ, ಆ ವಿದ್ಯೆ ಸಮೇತ ಸುಝುಕಿ ಸೇರಿದ. 1962ರಲ್ಲೇ ಸುಝುಕಿಗೆ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ. ಒಂದು ಪೈಪಿನ ಆಕಾರಕ್ಕೆ ಅಷ್ಟು ಬೆಲೆ ಇತ್ತು.

ಇದ್ರಿಂದ ಎರಡು ಮಾತು ನೆನಪಿಟ್ಕೊಳ್ಳಿ. ಪವರ್ ಬರೋದು ಆಕಾರದಿಂದ, ಸದ್ದಿನಿಂದ ಅಲ್ಲ. ಹಾಗಾಗಿ ಆಕಾರ ಕೆಟ್ರೆ ಪವರ್ ಕೆಡತ್ತೆ. ಕಂಪನಿ ಸೈಲೆನ್ಸರಿನ ಬಫಲ್ ಕಿತ್ತು "ಪಿಕಪ್ ಜಾಸ್ತಿ ಆಯ್ತು" ಅನ್ನೋರಿಗೆ ಜಾಸ್ತಿ ಆಗಿರೋದು ಕಿವಿಗೆ ಮಾತ್ರ.

3/5
ಈಗ ತಗಡು. ಅಂಗಡೀಲಿ "18 ಗೇಜ್, 20 ಗೇಜ್" ಅಂತಾರೆ. ಇಲ್ಲಿ ನಂಬರ್ ದೊಡ್ಡದಾದಷ್ಟೂ ತಗಡು ತೆಳು. 18 ಅಂದ್ರೆ ಸುಮಾರು 1.2 ಮಿ.ಮೀ., 20 ಅಂದ್ರೆ ಸುಮಾರು 0.9 ಮಿ.ಮೀ. ಮೂರನೇ ಒಂದು ಭಾಗ ಹೆಚ್ಚು ದಪ್ಪ, ತೂಕವೂ ಅಷ್ಟೇ ಹೆಚ್ಚು. ಆದ್ರೆ ತಗಡು ಬಾಗದೇ ನಿಲ್ಲೋ ಗುಣ ದಪ್ಪದ ಘನದ ಲೆಕ್ಕದಲ್ಲಿ ಏರತ್ತೆ, ಎರಡು ಪಟ್ಟಿಗಿಂತ ಜಾಸ್ತಿ. ಮೆಕ್ಯಾನಿಕಲ್‌ನವರು ಕ್ಯಾಲ್ಕುಲೇಟರ್ ತೆಗೀರಿ: 1.33ರ ಘನ.

ದೊಡ್ಡ ಕಂಪನಿಗಳೂ ಇದೇ ಲೆಕ್ಕ ನಂಬ್ತಾರೆ. ಅಮೆರಿಕದ ಎಫ್‌ಎಂಎಫ್ ಹಗುರವಾದ ಫ್ಯಾಟಿ ಪೈಪು ಮಾಡತ್ತೆ, ಕಲ್ಲು-ಕಾಡಿಗೆ ಅಂತ ದಪ್ಪ ತಗಡಿನ ನಾರ್ಲಿಯನ್ನೂ ಮಾಡತ್ತೆ. ಕೆಟಿಎಂ ತನ್ನ 2020ರ ಇಎಕ್ಸ್‌ಸಿ ಟೂ-ಸ್ಟ್ರೋಕ್‌ಗಳ ಪೈಪಿಗೆ, ಸುಲಭಕ್ಕೆ ನೆಗ್ಗಬಾರದು ಅಂತಲೇ ಏಣು ಏಣಾದ ಮೈ ಕೊಟ್ಟಿತು.

ಅಂಗಡೀಲಿ ಹೀಗೆ ನೋಡಿ:

– ಹೊಟ್ಟೆ ಭಾಗ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ. ಎಣ್ಣೆ ಡಬ್ಬದ ಥರ ಒಳಗೆ ಹೋಗಿ ಬಂದ್ರೆ ಕೆಳಗಿಡಿ.
– ಎರಡು ಪೈಪು ಕೈಯಲ್ಲಿ ತೂಗಿ ನೋಡಿ. ಒಂದೇ ಗಾತ್ರ ಇದ್ರೆ ಭಾರದ್ದೇ ನಮ್ಮದು.
– ವೆಲ್ಡಿಂಗ್ ಗೆರೆ ಒಂದೇ ಸಮ ಇರ್ಲಿ. ಗ್ರೈಂಡ್ ಮಾಡಿ ಪೇಂಟ್ ಬಳಿದಿದ್ರೆ ಏನೋ ಮುಚ್ಚಿಟ್ಟಿದ್ದಾರೆ ಅಂತ ಅನುಮಾನ ಪಡಿ.
– ಫ್ರೇಮಿಗೆ ಹಿಡಿಯೋ ಕಡೆ ರಬ್ಬರ್ ಮೌಂಟ್ ಇರ್ಲೇಬೇಕು. ಬರೀ ಬೋಲ್ಟ್ ಹಾಕಿ ಬಿಗಿದ್ರೆ ವೈಬ್ರೇಷನ್‌ಗೆ ಬ್ರಾಕೆಟ್ ಬುಡದಲ್ಲೇ ಸೀಳು ಬಿಡತ್ತೆ.
– ಕೊನೆಯ ಸೈಲೆನ್ಸರ್ ಬಿಚ್ಚೋ ಹಾಗಿರ್ಲಿ. ಒಳಗಿನ ಪ್ಯಾಕಿಂಗ್ ಎಣ್ಣೆ ಕುಡಿದು ಹಾಳಾಗತ್ತೆ, ಬದಲಾಯಿಸ್ತಿರಬೇಕು.

4/5
ಇಲ್ಲಿ ಜಗಳ ಶುರು: ಸ್ಟೇನ್‌ಲೆಸ್ಸಾ, ಮೈಲ್ಡ್ ಸ್ಟೀಲಾ?

ಸ್ಟೇನ್‌ಲೆಸ್ ಪರ ಇರೋರ ಮಾತಲ್ಲಿ ಹುರುಳಿದೆ. ಕರಾವಳಿ ಉಪ್ಪು ಗಾಳಿ, ಮಲೆನಾಡಿನ ಜಡಿಮಳೆಗೆ ಬರೀ ಕಬ್ಬಿಣ ತುಕ್ಕು ಹಿಡಿಯತ್ತೆ. ಆದ್ರೂ ನಾನು 18 ಗೇಜಿನ ಮೈಲ್ಡ್ ಸ್ಟೀಲೇ ಅಂತೀನಿ, ಯಾಕಂದ್ರೆ ಡರ್ಟ್‌ನಲ್ಲಿ ಓಡೋ ಪೈಪು ತುಕ್ಕಿಗಿಂತ ಮೊದಲು ಕಲ್ಲಿಗೆ ಸಾಯತ್ತೆ. ನೆಗ್ಗಿದ್ದನ್ನ ಎತ್ತೋಕೆ, ಸೀಳಿದ್ದನ್ನ ಬೆಸೆಯೋಕೆ ಸಕಲೇಶಪುರದಲ್ಲೂ ತೀರ್ಥಹಳ್ಳೀಲೂ ಗ್ಯಾಸ್ ವೆಲ್ಡಿಂಗ್ ಮಾಡೋರು ಸಿಗ್ತಾರೆ. ಸ್ಟೇನ್‌ಲೆಸ್ ತೆಳು ತಗಡಿಗೆ ಟಿಗ್ ವೆಲ್ಡಿಂಗ್, ಪಳಗಿದ ಕೈ ಎರಡೂ ಬೇಕು. ತುಕ್ಕಿಗೆ ಮದ್ದು ಇದೆ: ಹೀಟ್ ಪೇಂಟ್, ತೊಳೆದ ಮೇಲೆ ಒಣಗಿಸಿ ಒಂದು ಕೈ ಎಣ್ಣೆ. ಒಳಗಡೆ ಟೂ-ಟಿ ಆಯಿಲೇ ಕಾಪಾಡತ್ತೆ.

"ಅಣ್ಣಾ, ಇದು ಪ್ಯೂರ್ ಸ್ಟೇನ್‌ಲೆಸ್" ಅಂದ್ರೆ ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಕೊಂಡು ಹೋಗಿ. ಗಟ್ಟಿಯಾಗಿ ಅಂಟಿದ್ರೆ ಅದು 304 ಗ್ರೇಡ್ ಅಲ್ಲ. ಕ್ರೋಮ್ ಬಳಿದ ಕಬ್ಬಿಣ ಇರ್ಬಹುದು, 409 ಥರದ ಅಗ್ಗದ ಗ್ರೇಡೂ ಇರ್ಬಹುದು. ಜೆ.ಸಿ. ರೋಡಲ್ಲಿ ಚೌಕಾಸಿ ಮಾಡೋಕೆ ಇದಕ್ಕಿಂತ ಒಳ್ಳೆ ಆಯುಧ ಇಲ್ಲ.

ಎಲ್ಲಾ ನೆಗ್ಗೂ ಒಂದೇ ಅಲ್ಲ. ಹೊಟ್ಟೆ ಮೇಲೆ ಸಣ್ಣ ಗುಳಿ ಇದ್ರೆ ತಲೆ ಕೆಡಿಸ್ಕೊಬೇಡಿ. ಎಂಜಿನ್ ಹತ್ರದ ಬೆಂಡಲ್ಲಿ ಅಥವಾ ಕೊನೇ ಸಣ್ಣ ಪೈಪಲ್ಲಿ ನೆಗ್ಗಿದ್ರೆ ಕೂಡಲೇ ರಿಪೇರಿ ಮಾಡ್ಸಿ. ಹೊಗೆ ಕಟ್ಟಿಕೊಂಡು ಎಂಜಿನ್ ಕಾಯತ್ತೆ. ಮುಂಭಾಗಕ್ಕೆ ಒಂದು ಅಲ್ಯೂಮಿನಿಯಂ ಗಾರ್ಡ್ ಹಾಕ್ಸಿದ್ರೆ ಇದ್ರಲ್ಲಿ ಅರ್ಧ ತೊಂದ್ರೆನೇ ಇರಲ್ಲ.

ಇನ್ನು ಆಕಾರ. ಗಿಡ್ಡ ಪೈಪು ಪವರನ್ನ ಮೇಲಿನ ಆರ್‌ಪಿಎಂಗೆ ಒಯ್ಯತ್ತೆ, ಉದ್ದದ್ದು ಕೆಳಗೆ ಎಳೆತ ಕೊಡತ್ತೆ. ಕೆಸರಲ್ಲಿ, ಏರಲ್ಲಿ ಬೇಕಾಗೋದು ಕೆಳಗಿನ ಎಳೆತ. ರೇಸಿಗೆ ಮಾಡಿದ ಪೈಪು ಹಾಕಿ ಎಸ್ಟೇಟ್ ದಾರೀಲಿ ಕ್ಲಚ್ ಸುಟ್ಕೊಬೇಡಿ.

5/5
ಇದು ತಮಾಷೆಯಲ್ಲ, ನಿಧಾನಕ್ಕೆ ಓದಿ.

ಪೈಪು ಬದಲಾಯಿಸಿದ್ರೆ ಕಾರ್ಬೊರೇಟರ್ ಜೆಟ್ ಹೊಂದಿಸ್ಲೇಬೇಕು. ಹೊಸ ಚೇಂಬರ್‌ಗೆ ಹಳೇ ಜೆಟ್ ಸಾಲದೇ ಹೋದ್ರೆ ಎಂಜಿನ್ ಲೀನ್ ಓಡತ್ತೆ, ಕಾಯತ್ತೆ, ಪಿಸ್ಟನ್ ಸೀಜ್ ಆಗತ್ತೆ. ಸ್ಪೀಡಲ್ಲಿ ಸೀಜ್ ಆದ್ರೆ ಹಿಂದಿನ ಚಕ್ರ ಲಾಕ್. ಆಗ ತಕ್ಷಣ ಕ್ಲಚ್ ಒತ್ತಬೇಕು, ಹಾಗಾಗಿ ಎರಡು ಬೆರಳು ಯಾವಾಗ್ಲೂ ಕ್ಲಚ್ ಮೇಲಿರ್ಲಿ. ಪ್ಲಗ್ ಬಿಚ್ಚಿ ನೋಡಿ: ಕಾಫಿ ಪುಡಿ ಬಣ್ಣ ಇದ್ರೆ ಸರಿ, ಬೆಳ್ಳಗಿದ್ರೆ ಗಾಡಿ ನಿಲ್ಸಿ. ಪೈಪಿಗೆ ದುಡ್ಡಿದ್ದು ಜೆಟ್ಟಿಗೆ ಇಲ್ಲ ಅಂದ್ರೆ ಪೈಪು ಸದ್ಯಕ್ಕೆ ಬೇಡ.

ಎರಡನೇದು, ಈ ಪೈಪು ಟ್ರ್ಯಾಕಿಗೆ, ಒಪ್ಪಿಗೆ ಇರೋ ಖಾಸಗಿ ಜಾಗಕ್ಕೆ. ರೋಡಿಗಲ್ಲ, ಅಭಯಾರಣ್ಯಕ್ಕಂತೂ ಅಲ್ವೇ ಅಲ್ಲ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಶಬ್ದ-ಹೊಗೆ ನಿಯಮ ಮೀರಿದ್ರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ. ಜೋರು ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸೋ ವಿಡಿಯೋ ನೀವೂ ನೋಡಿರ್ತೀರ. ಕಂಪನಿ ಸೈಲೆನ್ಸರ್ ಮಾರ್ಬೇಡಿ. ಎಣ್ಣೆ ಬಟ್ಟೇಲಿ ಸುತ್ತಿ ಅಟ್ಟದ ಮೇಲಿಡಿ, ರೋಡಿಗೆ ಅದೇ ಹಾಕಿ.

ಕಾನೂನು ಬಿಡಿ, ಬೀದಿ ನೆನಪಿಡಿ. ರಾತ್ರಿ ಹನ್ನೊಂದಕ್ಕೆ ನೀವು ಆಕ್ಸಿಲರೇಟರ್ ತಿರುವಿದಾಗ ಎದುರು ಮನೇಲಿ ಪಿಯುಸಿ ಪರೀಕ್ಷೆಗೆ ಓದ್ತಿರೋರು, ಈಗ ತಾನೇ ಮಲಗಿದ ಪಾಪು, ಬಿಪಿ ಇರೋ ಅಜ್ಜ ಇರ್ತಾರೆ. ಇವತ್ತು ಜನಕ್ಕೆ ಟೂ-ಸ್ಟ್ರೋಕ್ ಅಂದ್ರೆ ಕಿರಿಕಿರಿ ಅನ್ನಿಸೋಕೆ ಕಾರಣ ಗಾಡಿ ಅಲ್ಲ, ನಾವು. ಆರ್‌ಎಕ್ಸ್ 100 ನಿಂತಿದ್ದು 1996ರಲ್ಲಿ. ಉಳಿದಿರೋದು ಇಷ್ಟೇ, ಹೊಸದು ಬರಲ್ಲ. ಇದನ್ನ ಉಳಿಸೋನೇ ನಿಜವಾದ ಫ್ಯಾನ್.

ಐದೂ ಪೋಸ್ಟ್ ಸೇವ್ ಮಾಡಿಟ್ಕೊಳ್ಳಿ, ಚೇಂಬರ್ ತಗೊಳ್ಳೋಕೆ ಹೊರಟಿರೋ ಫ್ರೆಂಡಿಗೆ ಈಗ್ಲೇ ಕಳ್ಸಿ. ಮುಂದಿನ ಸರಣಿ ಜೆಟ್ಟಿಂಗ್ ಬಗ್ಗೆ. ಅಲ್ಲೀವರೆಗೂ ಹೆಲ್ಮೆಟ್ ಹಾಕಿ.

#ಟೂಸ್ಟ್ರೋಕ್ #ಆರ್‌ಎಕ್ಸ್100 #ತಗಡುನೋಡಿ #ಕನ್ನಡರೈಡರ್ಸ್