ಡೀಸೆಲ್ ಬಂಡಿಯ ಹಳೆಯ ಚಿತ್ರಗಳು

ಹಳೆಯ ಡೀಸೆಲ್ ರೈಲುಗಳ ಛಾಯಾಚಿತ್ರಗಳನ್ನು ಒಟ್ಟುಗೂಡಿಸಿ ಪುಸ್ತಕವಾಗಿ ಅಚ್ಚು ಹಾಕಿಸುವ ವಾಡಿಕೆ ಬ್ರಿಟನ್ನಿನಲ್ಲಿ ಬಹಳವಾಗಿದೆ. ಅಂಥ ಪುಸ್ತಕವೊಂದನ್ನು ತೆರೆದವರ ಕಣ್ಣಿಗೆ ಮೊದಲು ಬೀಳುವುದು ಚಿತ್ರಗಳ ಸೊಗಸು. ಮಂಜು ಮುಸುಕಿದ ನಿಲ್ದಾಣ, ಮಳೆಯಲ್ಲಿ ನೆನೆದು ಹೊಳೆಯುವ ಹಳಿ, ಕರಿಹೊಗೆ ಉಗುಳುತ್ತ ಹೊರಡುವ ಎಂಜಿನು! ಇಂಥ ಚಿತ್ರವನ್ನು ಕಂಡಾಗ ರೈಲನ್ನೇ ಕಾಣದವನಿಗೂ ಯಾವುದೋ ಕಳೆದುಹೋದ ಕಾಲದ ಹಂಬಲ ಮೂಡುತ್ತದೆ. ಆದರೆ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಚಿತ್ರದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಒಕ್ಕಣೆ. ಯಾವ ಊರು, ಯಾವ ದಿನ, ಎಂಜಿನಿನ ಸಂಖ್ಯೆ ಏನು, ಬಂಡಿ ಎಲ್ಲಿಂದ ಎಲ್ಲಿಗೆ ಹೊರಟಿತ್ತು – ಇವೆಲ್ಲ ಅಲ್ಲಿರುತ್ತವೆ. ನಮ್ಮ ಕಡೆಯಲ್ಲಿ ಚಿತ್ರಗಳುಂಟು. ಒಕ್ಕಣೆ ಮಾತ್ರ ಇಲ್ಲ. ಈ ಕೊರತೆಯನ್ನು ತುಂಬುವ ಕೆಲಸ ವಿದ್ಯಾರ್ಥಿಗಳದೆಂದು ನಾವು ಭಾವಿಸುತ್ತೇವೆ.

ಬ್ರಿಟನ್ನಿನಲ್ಲಿ ಈ ಹಂಬಲ ಹುಟ್ಟಿದ ಬಗೆ ವಿಚಿತ್ರವಾದುದು. ಅಲ್ಲಿ 1955ರಲ್ಲಿ ರೈಲ್ವೆಯ ನವೀಕರಣದ ಯೋಜನೆ ಸಿದ್ಧವಾಯಿತು. ಉಗಿ ಎಂಜಿನುಗಳ ಜಾಗಕ್ಕೆ ಡೀಸೆಲ್ ಮತ್ತು ವಿದ್ಯುತ್ ಎಂಜಿನುಗಳು ಬರತೊಡಗಿದವು. 1968ರ ಆಗಸ್ಟ್ ತಿಂಗಳಿನಲ್ಲಿ ಮುಖ್ಯ ಮಾರ್ಗಗಳ ಮೇಲೆ ಉಗಿಯ ಕಾಲ ಮುಗಿಯಿತು. ಉಗಿ ಎಂಜಿನಿಗೆ ಮನಸೋತಿದ್ದ ಅನೇಕರು ಡೀಸೆಲ್ ಎಂಜಿನನ್ನು ಕಳ್ಳನಂತೆ ಕಂಡರು. ಅದರ ಚಿತ್ರ ತೆಗೆಯುವುದೂ ದಂಡವೆಂದು ಕೆಲವರು ಬಗೆದರು. ಆ ಕಾಲದಲ್ಲಿ ಬಂದ 'ಡೆಲ್ಟಿಕ್' ಎಂಬ ಎಂಜಿನನ್ನು ನೋಡಿ. 1961–62ರಲ್ಲಿ ಕಟ್ಟಿದ 22 ಎಂಜಿನುಗಳು. ಒಂದೊಂದಕ್ಕೂ 3,300 ಅಶ್ವಶಕ್ತಿ. ಲಂಡನ್ನಿನಿಂದ ಎಡಿನ್‌ಬರೋವರೆಗಿನ ಮಾರ್ಗದಲ್ಲಿ ಇಪ್ಪತ್ತು ವರ್ಷ ಓಡಿ 1982ರ ಮೊದಲ ವಾರಕ್ಕೆ ಕೆಲಸ ಮುಗಿಸಿದವು. ಅಷ್ಟರೊಳಗೆ ಅವನ್ನು ನೋಡುತ್ತ ಬೆಳೆದ ಇನ್ನೊಂದು ತಲೆಮಾರು ಸಿದ್ಧವಾಗಿತ್ತು. ಹಿರಿಯರು ಹಳಿದ ಎಂಜಿನಿಗಾಗಿ ಕಿರಿಯರು ಕಣ್ಣೊರೆಸಿಕೊಂಡರು. 1976ರಲ್ಲಿ ಗಂಟೆಗೆ 125 ಮೈಲಿ ವೇಗದ ಹೊಸ ಡೀಸೆಲ್ ಬಂಡಿ ಬಂತು. ಈಗ ಅದಕ್ಕೂ ಹಂಬಲಿಸುವವರಿದ್ದಾರೆ. ಹಂಬಲವು ಯಂತ್ರದ ಗುಣವನ್ನು ನೋಡಿ ಬರುವುದಲ್ಲ, ನೋಡಿದವನ ವಯಸ್ಸಿಗೆ ಅಂಟಿಕೊಂಡು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಚಿತ್ರದುರ್ಗದಿಂದ ಚಳ್ಳಕೆರೆ, ತಳಕು, ಮೊಳಕಾಲ್ಮೂರುಗಳ ಮೇಲೆ ಹಾದು ರಾಯದುರ್ಗವನ್ನು ಮುಟ್ಟುವ ರೈಲುಮಾರ್ಗವು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆದದ್ದು. ಉಗಿ ಎಂಜಿನುಗಳು ಆಗ ದೇಶದಲ್ಲೆಲ್ಲ ಹಿಂದೆ ಸರಿಯುತ್ತಿದ್ದವು. ಬ್ರಾಡ್‌ಗೇಜಿನ ಹಳಿಗಳ ಮೇಲೆ ಉಗಿಯ ನಿತ್ಯಸೇವೆ 1995ರಲ್ಲಿಯೇ ನಿಂತಿತು. ಆದುದರಿಂದ ಈ ಊರುಗಳ ಮಕ್ಕಳಿಗೆ ರೈಲೆಂದರೆ ಡೀಸೆಲ್ ರೈಲೇ. ನೀರಿನ ದೃಷ್ಟಿಯಿಂದಲೂ ಅದು ಉಚಿತವೇ ಆಗಿತ್ತೆನ್ನಬೇಕು. ಉಗಿ ಎಂಜಿನಿಗೆ ಹೆಜ್ಜೆಹೆಜ್ಜೆಗೂ ನೀರು ಬೇಕು. ಚಳ್ಳಕೆರೆಯಾದರೋ ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಈಚಿನ ವರ್ಷಗಳಲ್ಲಿ ದೇಶದ ಬ್ರಾಡ್‌ಗೇಜು ಹಳಿಗಳ ಮೇಲೆ ಬಹುಮಟ್ಟಿಗೆ ಎಲ್ಲೆಡೆಯೂ ವಿದ್ಯುತ್ ತಂತಿ ಬಂದಿದೆ. ಹೀಗೆ ಒಂದು ತಲೆಮಾರಿನ ಬಾಲ್ಯದ ಬಂಡಿ ನಮ್ಮ ಕಣ್ಣೆದುರಿಗೇ ಮರೆಯಾಗುತ್ತಿದೆ.

ಅದರ ಚಿತ್ರಗಳೆಲ್ಲಿವೆ? ಮನೆಮನೆಯ ಆಲ್ಬಮ್ಮುಗಳಲ್ಲಿವೆ. ಮದುವೆಯ ದಿಬ್ಬಣ ರೈಲು ಹತ್ತುವಾಗ, ಶಾಲೆಯ ಮಕ್ಕಳು ಪ್ರವಾಸ ಹೊರಟಾಗ, ಯಾರೋ ತೆಗೆದ ಚಿತ್ರದ ಹಿನ್ನೆಲೆಯಲ್ಲಿ ಎಂಜಿನು ನಿಂತಿರುತ್ತದೆ. ನಡುವೆ ನಿಂತ ಸೋದರಮಾವನ ಹೆಸರು ಮನೆಯವರಿಗೆಲ್ಲ ಗೊತ್ತು. ಹಿಂದೆ ನಿಂತ ಎಂಜಿನಿನ ವಿಚಾರ ಯಾರಿಗೂ ಬೇಡ. ರೈಲ್ವೆಯ ಆವರಣದಲ್ಲಿ ಚಿತ್ರ ತೆಗೆಯಲು ಅನುಮತಿ ಬೇಕೆಂಬ ನಿಯಮವೂ ಹವ್ಯಾಸಿಗಳನ್ನು ದೂರವಿಟ್ಟಿತು. ಇದರಿಂದಾಗಿ ಡೆಲ್ಟಿಕ್‌ನ 22 ಎಂಜಿನುಗಳ ಚರಿತ್ರೆಯನ್ನು ದಿನಾಂಕ ಸಮೇತ ಹೇಳಬಲ್ಲ ಹವ್ಯಾಸಿ ಬ್ರಿಟನ್ನಿನಲ್ಲಿ ಸಿಕ್ಕಾನು. ತಳಕಿನ ನಿಲ್ದಾಣದಲ್ಲಿ ದಿನವೂ ನಿಲ್ಲುತ್ತಿದ್ದ ಎಂಜಿನು ಯಾವ ಷೆಡ್ಡಿನದೆಂದು ಹೇಳುವವರು ನಮಗೆ ಸಿಗುವುದು ಕಷ್ಟ.

ಚಿತ್ರದಲ್ಲಿ ಎಲ್ಲರೂ ಮೆಚ್ಚುವ ಆ ಹೊಗೆಯ ವಿಷಯವನ್ನು ಭೌತಶಾಸ್ತ್ರದ ಕಣ್ಣಿನಿಂದ ಸ್ವಲ್ಪ ನೋಡಬೇಕು. ಡೀಸೆಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಹನ್ನೆರಡರಲ್ಲೊಂದು ಪಾಲಿಗೋ ಅದಕ್ಕೂ ಕಡಿಮೆ ಗಾತ್ರಕ್ಕೋ ಅದುಮುತ್ತದೆ. ಗಾಳಿಯ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಏರುತ್ತದೆ. ಆಗ ಸಿಂಪಡಿಸಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಅಷ್ಟು ಗಾಳಿಯನ್ನು ಒಳಕ್ಕೆ ತುಂಬಲು ದೊಡ್ಡ ಎಂಜಿನುಗಳಲ್ಲಿ ಟರ್ಬೋಚಾರ್ಜರ್ ಎಂಬ ಪಂಖ ಇರುತ್ತದೆ. ಇದನ್ನು ತಿರುಗಿಸುವುದು ಎಂಜಿನು ಹೊರಬಿಡುವ ಬಿಸಿ ಅನಿಲವೇ.

ನಮ್ಮ ದೇಶದ ಬ್ರಾಡ್‌ಗೇಜನ್ನು ದಶಕಗಳ ಕಾಲ ಆಳಿದ ಡಬ್ಲ್ಯು.ಡಿ.ಎಂ.–2 ಎಂಜಿನನ್ನು ತೆಗೆದುಕೊಳ್ಳಿ. ಅಮೆರಿಕದ ಆಲ್ಕೋ ಕಂಪನಿಯಿಂದ 1962ರಲ್ಲಿ ಮೊದಲ ಎಂಜಿನುಗಳು ಬಂದವು. ವಾರಣಾಸಿಯ ಕಾರ್ಖಾನೆಯಿಂದ 1964ರ ಜನವರಿಯಲ್ಲಿ ದೇಶದೊಳಗೆ ಸಿದ್ಧವಾದ ಮೊದಲನೆಯದು ಹೊರಬಂತು. ಹದಿನಾರು ಸಿಲಿಂಡರು, 2,600 ಅಶ್ವಶಕ್ತಿ. ನಿಲ್ದಾಣದಲ್ಲಿ ನಿಂತ ಬಂಡಿಯನ್ನು ಹೊರಡಿಸಲು ಚಾಲಕನು ಹಿಡಿಕೆಯನ್ನು ಒಂದೊಂದೇ ಹಂತ ಮೇಲಕ್ಕೇರಿಸುತ್ತಾನೆ. ಹಂತಗಳು ಒಟ್ಟು ಎಂಟು. ಹಿಡಿಕೆ ಏರಿದೊಡನೆ ಎಣ್ಣೆ ಹೆಚ್ಚುತ್ತದೆ. ಆದರೆ ಟರ್ಬೋಚಾರ್ಜರು ವೇಗ ಕೂಡಿಸಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು. ಆ ಸೆಕೆಂಡುಗಳಲ್ಲಿ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ಪೂರ್ತಿ ಉರಿಯದ ಇಂಗಾಲವು ಮಸಿಯಾಗಿ ಆಕಾಶಕ್ಕೇರುತ್ತದೆ. ಛಾಯಾಗ್ರಾಹಕನು ಕಾದು ಕುಳಿತು ಹಿಡಿಯುವುದು ಸರಿಯಾಗಿ ಈ ಗಳಿಗೆಯನ್ನೇ. ಯಂತ್ರದ ವೈಭವವೆಂದು ನಾವು ಕೊಂಡಾಡುವ ಚಿತ್ರ ಯಂತ್ರವು ಉಸಿರು ಸಾಲದೆ ಏದುತ್ತಿರುವ ಚಿತ್ರವಾಗಿದೆ!

ಈ ಹೊಗೆಗಾಗಿ ಕೊರಗಬೇಕೆ? ಕೂಡದೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಡೀಸೆಲ್ ಹೊಗೆಯು ಮಾನವರಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ನಿರ್ಣಯಿಸಿತು. ಷೆಡ್ಡುಗಳಲ್ಲಿ ಅದನ್ನು ದಿನವಿಡೀ ಉಸಿರಾಡಿದ ಕೆಲಸಗಾರರು ಯಾವ ಆಲ್ಬಮ್ಮಿನಲ್ಲಿಯೂ ಕಾಣಿಸುವುದಿಲ್ಲ. ಅಂದಮಾತ್ರಕ್ಕೆ ವಿದ್ಯುತ್ ಎಂಜಿನು ಪೂರ್ತಿ ನಿರ್ಮಲವೆಂದು ತಿಳಿಯಬೇಡಿ. ಕುಡತಿನಿಯಂಥ ಕಡೆ ಕಲ್ಲಿದ್ದಲು ಉರಿಸಿ ವಿದ್ಯುತ್ತನ್ನು ಪಡೆಯುವವರೆಗೆ ಹೊಗೆಯ ಒಂದು ಪಾಲು ನಿಲ್ದಾಣದಿಂದ ಅಲ್ಲಿಗೆ ಸ್ಥಳಾಂತರವಾಗಿದೆಯಷ್ಟೆ; ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಹೆಚ್ಚಿದಂತೆಲ್ಲ ಆ ಪಾಲು ಕಡಿಮೆಯಾದೀತು. ಇನ್ನೊಂದು ಸ್ವಾರಸ್ಯ: ಈ ಬಗೆಯ ಡೀಸೆಲ್ ಬಂಡಿಯ ಗಾಲಿಗಳನ್ನು ತಿರುಗಿಸುತ್ತಿದ್ದುದು ವಿದ್ಯುತ್ ಮೋಟಾರುಗಳೇ. ಡೀಸೆಲ್ ಎಂಜಿನು ಜನರೇಟರನ್ನು ತಿರುಗಿಸಿ, ಅದು ಮೋಟಾರುಗಳಿಗೆ ವಿದ್ಯುತ್ತನ್ನು ಕೊಡುತ್ತಿತ್ತು. ಅಂದರೆ ಬಂಡಿಯು ಒಂದು ವಿದ್ಯುದಾಗಾರವನ್ನು ಬೆನ್ನಮೇಲೆ ಹೊತ್ತು ತಿರುಗುತ್ತಿತ್ತು. ಈಗ ಆ ಹೊರೆಯನ್ನು ಇಳಿಸಿ ತಂತಿಗೆ ಕೈ ಚಾಚಿದೆ.

ಹೊಗೆ ಹೋದರೆ ಹೋಗಲಿ, ಚಿತ್ರ ಹೋಗಬಾರದು. ಏಕೆಂದರೆ ಛಾಯಾಚಿತ್ರವು ಅಳತೆಯ ಸಾಧನವೂ ಹೌದು. ಎಂಜಿನನ್ನು ಎದುರಿನಿಂದ ತೆಗೆದ ಚಿತ್ರದಲ್ಲಿ ಎರಡು ಹಳಿಗಳ ನಡುವಣ ಅಂತರ ಕಾಣುತ್ತದೆ. ಅದು ಒಂದು ಮೀಟರೋ 1.676 ಮೀಟರೋ ಎಂಬುದನ್ನು ಎಂಜಿನಿನ ಅಗಲಕ್ಕೆ ಹೋಲಿಸಿ ನಿರ್ಧರಿಸಬಹುದು. ನಮ್ಮ ನಾಡಿನ ಹಳೆಯ ಮೀಟರ್ ಗೇಜು ಮಾರ್ಗಗಳು ಹೆಚ್ಚಾಗಿ 1990ರ ದಶಕದಲ್ಲಿ ಮತ್ತು ಅನಂತರ ಅಗಲವಾದುದರಿಂದ ಚಿತ್ರದ ಕಾಲವೂ ಅಂದಾಜಿಗೆ ಸಿಗುತ್ತದೆ. ಪಕ್ಕದಿಂದ ತೆಗೆದ ಚಿತ್ರವಾದರೆ ಗಾಲಿಯೇ ಅಳತೆಗೋಲು, ಡಬ್ಲ್ಯು.ಡಿ.ಎಂ.–2ರ ಗಾಲಿಯ ವ್ಯಾಸ ಸುಮಾರು 109 ಸೆಂಟಿಮೀಟರು. ಚಿತ್ರವನ್ನು ಒಂದು ಸೆಕೆಂಡಿನ 125ರಲ್ಲೊಂದು ಭಾಗದಲ್ಲಿ ತೆಗೆದದ್ದೆಂದು ತಿಳಿದಿದೆಯೆನ್ನಿ. ಎಂಜಿನಿನ ಅಂಚು ಮಸುಕಾಗಿದ್ದು, ಗಾಲಿಗೆ ಹೋಲಿಸಿದಾಗ ಆ ಮಸುಕು 8 ಸೆಂಟಿಮೀಟರು ಅಗಲವಿದೆಯೆನ್ನಿ. 0.08 ಮೀಟರನ್ನು 125ರಿಂದ ಗುಣಿಸಿದರೆ ಸೆಕೆಂಡಿಗೆ 10 ಮೀಟರು. ಅಂದರೆ ಗಂಟೆಗೆ 36 ಕಿಲೋಮೀಟರು. ಕೆಟ್ಟ ಚಿತ್ರವೆಂದು ಬದಿಗಿಟ್ಟದ್ದು ಬಂಡಿಯ ವೇಗವನ್ನು ಹೇಳಿತು! ನೆರಳಿನ ದಿಕ್ಕಿನಿಂದ ಹೊತ್ತನ್ನು ಊಹಿಸಬಹುದು. ಆದರೆ ಅದಕ್ಕೆ ಹಳಿ ಯಾವ ದಿಕ್ಕಿಗಿದೆಯೆಂದು ತಿಳಿಯಬೇಕು, ಊರು ಯಾವುದೆಂದು ಗೊತ್ತಿರಬೇಕು. ಮತ್ತೆ ಒಕ್ಕಣೆಯ ಬಾಗಿಲಿಗೇ ಬಂದೆವು.

ಒಕ್ಕಣೆಯ ಬೆಲೆಯನ್ನು ಕಲಿಯಲು ಬ್ರಿಟನ್ನಿನವರೆಗೆ ಹೋಗಬೇಕಾದುದೂ ಇಲ್ಲ. ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನವೊಂದಿದೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿಯೂ ಅದರ ಪ್ರತಿಗಳಿವೆ. ಈ ಮೂರನ್ನೂ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. (ರುಡಾಲ್ಫ್ ಡೀಸೆಲ್ ತನ್ನ ಎಂಜಿನಿನ ಪೇಟೆಂಟಿಗೆ ಅರ್ಜಿ ಹಾಕಿದ್ದೂ ಅದೇ ವರ್ಷ, ಇದು ಕೇವಲ ಕಾಕತಾಳೀಯ.) ಶಾಸನವು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದುದೆಂದು ಮೊದಲಲ್ಲೇ ತಿಳಿಸುತ್ತದೆ, ಕೊನೆಯಲ್ಲಿ ಬರೆದವನು ಚಪಡನೆಂಬುದೂ ಇದೆ. 'ಲಿಪಿಕಾರ' ಎಂಬರ್ಥದ ಮಾತನ್ನು ಅವನು ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಒಂದು ಪದದಿಂದ ವಿದ್ವಾಂಸರು ಎಷ್ಟು ವಿಚಾರಗಳನ್ನು ತೆಗೆದಿದ್ದಾರೆ! ಎಲ್ಲಿಂದ, ಯಾರಿಗೆ, ಯಾರ ಕೈಯಿಂದ – ಎರಡು ಸಾವಿರ ವರ್ಷಗಳಿಗೂ ಹಿಂದಿನ ಲಿಪಿಕಾರನು ಬರೆದಿಟ್ಟುದನ್ನು ಕ್ಯಾಮೆರಾ ಕೈಯಲ್ಲಿ ಹಿಡಿದ ನಾವು ಬರೆದಿಡಲಿಲ್ಲ.

ಜಟಿಂಗ ರಾಮೇಶ್ವರದ ಪ್ರತಿಯ ಗತಿ ಇನ್ನೊಂದು ಪಾಠ. ಜಾತ್ರೆಯ ದಿನ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಆ ಬಂಡೆಗೆ ಬಳೆಗಾರನ ಗುಂಡು ಎಂದೇ ಹೆಸರು ಬಂದಿತ್ತು. ಅಕ್ಷರಗಳು ಬಹುವಾಗಿ ಸವೆದಿವೆ. ಬಳೆಗಾರರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಅವರಿಗೆ ಅದು ಬಂಡೆ, ಅಷ್ಟೆ. ಸವೆದ ಭಾಗವನ್ನು ಈಗಲೂ ಓದಲು ಸಾಧ್ಯವಾಗಿರುವುದು ಉಳಿದೆರಡು ಪ್ರತಿಗಳ ನೆರವಿನಿಂದ. ಪ್ರತಿ ಒಂದೇ ಇದ್ದಿದ್ದರೆ ಗತಿಯೇನಾಗುತ್ತಿತ್ತು?

ಕಲ್ಲಿಗೇ ಈ ಪಾಡಾದರೆ ಕಾಗದದ ಚಿತ್ರ ಎಷ್ಟು ದಿನ ಬಾಳೀತು? ಕಪ್ಪುಬಿಳುಪು ಚಿತ್ರದಲ್ಲಿರುವುದು ಬೆಳ್ಳಿಯ ಕಣಗಳು. ಸರಿಯಾಗಿ ತೊಳೆದಿದ್ದರೆ ದೀರ್ಘಕಾಲ ಇರುತ್ತವೆ. ನಮ್ಮ ಸೀಮೆಯ ಡೀಸೆಲ್ ಕಾಲದ ಚಿತ್ರಗಳಾದರೋ ಹೆಚ್ಚಾಗಿ ಬಣ್ಣದವು. ಅವುಗಳಲ್ಲಿರುವುದು ಸಾವಯವ ವರ್ಣದ್ರವ್ಯ. ಬೆಳಕಿಗೂ ಸೆಕೆಗೂ ಬಲುಬೇಗ ಮಾಸುತ್ತದೆ. ಚಳ್ಳಕೆರೆಯ ಬೇಸಗೆಯಲ್ಲಿ ಗೋಡೆಗೆ ತೂಗುಹಾಕಿದ ಚಿತ್ರ ಹೇಗಾಗುವುದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಮೊಬೈಲಿನಲ್ಲಿ ತೆಗೆದ ಚಿತ್ರಕ್ಕೆ ಮಾಸುವ ಭಯವಿಲ್ಲವಾದರೂ, ಅದು ಕೈಯಿಂದ ಕೈಗೆ ರವಾನೆಯಾಗುವಾಗ ಅದರೊಳಗೆ ಅಡಗಿದ್ದ ದಿನಾಂಕವೂ ಸ್ಥಳವೂ ಎಷ್ಟೋ ವೇಳೆ ಉದುರಿಹೋಗುತ್ತವೆ.

ಇದರಿಂದ ಪ್ರಯೋಜನವೇನೆಂದು ಕೇಳುವವರಿದ್ದಾರೆ. ಇದೇ ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ನೆಲೆಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯು ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ತಾನಾಗಿ ನೆಲಕ್ಕಿಳಿಯುವಂತೆ ಮಾಡಿತು. ಆ ಇಳಿತದ ಪ್ರತಿ ಗಳಿಗೆಯನ್ನೂ ಉಪಕರಣಗಳು ಬರೆದುಕೊಂಡಿರಬೇಕು. ಮಹತ್ತ್ವದ ಪ್ರಯೋಗವೆಂದು ಅದನ್ನು ದಾಖಲಿಸುವುದು ಸರಿಯೇ. ಆದರೆ ಈ ಸೀಮೆಯ ಜನಜೀವನವನ್ನು ದಿನನಿತ್ಯ ಹೊತ್ತು ಸಾಗಿಸಿದ ಯಂತ್ರಕ್ಕೆ ಒಂದು ಸಾಲಿನ ದಾಖಲೆಯೂ ಬೇಡವೆಂದರೆ ಯಾವ ನ್ಯಾಯ? ಯಾವ ವರ್ಷ ಎಂಥ ಎಂಜಿನು ಬಂತು, ಎಷ್ಟು ಡಬ್ಬಿ ಎಳೆಯಿತು, ಹಳಿಯ ಪಕ್ಕದ ಹೊಲದಲ್ಲಿ ಆಗ ಶೇಂಗಾ ಇತ್ತೋ ಬೀಳೋ ಎಂಬುದನ್ನೆಲ್ಲ ಇಂಥ ಚಿತ್ರದಿಂದ ತಿಳಿಯಬಹುದು.

ಆದುದರಿಂದ ವಿದ್ಯಾರ್ಥಿ ವಾಚಕರು ಈ ರಜೆಯಲ್ಲಿ ಮನೆಯ ಆಲ್ಬಮ್ಮನ್ನು ಹೊರತೆಗೆಯಲಿ. ರೈಲು ಕಾಣುವ ಚಿತ್ರವಿದ್ದರೆ ಅದರ ಬೆನ್ನ ಮೇಲೆ ಮೆದು ಪೆನ್ಸಿಲಿನಿಂದ ಊರು, ವರ್ಷ, ಸಂದರ್ಭ, ತೆಗೆದವರ ಹೆಸರು ಬರೆಯಲಿ. ಬಾಲ್‌ಪೆನ್ನು ಬೇಡ, ಒತ್ತಿದ ಗೆರೆ ಮುಂದಿನ ಚಿತ್ರದ ಮೇಲೆ ಮೂಡುತ್ತದೆ. ವರ್ಷ ಖಚಿತವಿಲ್ಲದಿದ್ದರೆ ಅಂದಾಜೆಂದೇ ಬರೆಯಬೇಕು. ಎಂಜಿನಿನ ಮೇಲೆ ಸಂಖ್ಯೆಯನ್ನೂ ಷೆಡ್ಡಿನ ಹೆಸರನ್ನೂ ಬಣ್ಣದಲ್ಲಿ ಬರೆದಿರುತ್ತಾರೆ; ಭೂತಗನ್ನಡಿ ಹಿಡಿದು ನೋಡಿದರೆ ಹುಬ್ಬಳ್ಳಿಯೋ ಗೂಟಿಯೋ ಕೃಷ್ಣರಾಜಪುರವೋ ತಿಳಿದೀತು. ಚಿತ್ರದ ಪ್ರತಿ ತೆಗೆದು ಒಂದನ್ನು ಶಾಲೆಗೆ, ಒಂದನ್ನು ನೆಂಟರಿಗೆ ಕೊಟ್ಟಿರಲಿ. ಊರಿನಲ್ಲಿ ನಿವೃತ್ತರಾದ ರೈಲು ಚಾಲಕರೋ ಗಾರ್ಡೋ ಸಿಗ್ನಲ್ಲಿನವರೋ ಇದ್ದರೆ ಚಿತ್ರವನ್ನು ಕೊಂಡೊಯ್ದು ಅವರ ಮುಂದಿಡಬೇಕು. ಅದಿರು ತುಂಬಿದ ಗೂಡ್ಸನ್ನು ನಿಂತಲ್ಲಿಂದ ಎಬ್ಬಿಸಲು ಹಿಡಿಕೆಯನ್ನು ಎಷ್ಟನೆಯ ಹಂತದವರೆಗೆ ಏರಿಸುತ್ತಿದ್ದಿರಿ, ಆಗ ಹೊಗೆ ಎಷ್ಟು ಹೊತ್ತು ಕಪ್ಪಾಗಿರುತ್ತಿತ್ತು ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು ಕೆಳಗೆ ಆ ದಿನದ ತಾರೀಖನ್ನು ಹಾಕಬೇಕು.